ಬ್ಯಾರನ್ ಒಳಗಿಂದ ಬಂದ ತಾಳ

"ಈ ಜನ್ಮದಲ್ಲಿ ಆಗಾಕಿಲ್ಲ ಕಣವ್ವ" ಅಂದವರು ನಮ್ಮ ದೊಡ್ಡಪ್ಪ. ಪಿಯುಸಿ ಮುಗಿಸಿ ಕಾಲೇಜಿನ ಅರ್ಜಿ ಹಿಡಿದು ಅವರ ಮುಂದೆ ನಿಂತಿದ್ದೆ. "ಹೊಗೆಸೊಪ್ಪಿನ ಬ್ಯಾರನ್‌ಗೆ ಸೌದೆ ಹಾಕೋರ ಮನೆ ಹೆಣ್ಣು ಡಿಗ್ರಿ ತಗೊಂಡಾಳಾ? ನಾನಿರೋಗಂಟ ಆಗಾಕಿಲ್ಲ!"

ಅರ್ಜಿ ಕಿತ್ತುಕೊಂಡು ಒಲೆಗೆ ತುರುಕಿದರು. ಅವರ ಬಲಗೈಯಲ್ಲಿ ಕಿರುಬೆರಳಿಲ್ಲ, ಮೇವು ಕತ್ತರಿಸೋ ಮಿಷನ್‌ಗೆ ಹೋಗಿದೆ. ಆ ನಾಲ್ಕು ಬೆರಳಿನ ಏಟು ನನ್ನ ಕೆನ್ನೆಗೆ ಚೆನ್ನಾಗಿ ಗೊತ್ತು. ಅಪ್ಪ ಇಲ್ಲದ ಮನೆಗೆ ಅವರೇ ಯಜಮಾನರು.

ನಾನು ಇನ್ನೊಂದು ಅರ್ಜಿ ತಂದೆ. ಹಗಲು ಬಟ್ಟೆ ಅಂಗಡೀಲಿ ನಿಂತು, ರಾತ್ರಿ ಓದಿ, ಎರಡು ಸಲ ಫೇಲಾಗಿ, ಮದುವೆ ಆದಮೇಲೆ ಬಿ.ಕಾಂ. ಪಾಸು ಮಾಡಿದೆ. ನಮ್ಮ ವಂಶಕ್ಕೇ ಮೊದಲ ಡಿಗ್ರಿ. ಇಷ್ಟು ಕಷ್ಟಪಟ್ಟು ಓದಿದವಳು ಕಟ್ಟುಕಥೆ ಹೇಳಿ ನಗೆಪಾಟಲಾಗಲ್ಲ. ಮುಂದಿನದ್ದು ನಡೆದದ್ದು... ನನಗೇ ನಡೆದದ್ದು.

ಘಟಿಕೋತ್ಸವದ ಹಿಂದಿನ ಸಂಜೆ ನಾನೂ ನನ್ನ ಗಂಡ ಮಂಜುನೂ ಹಂಪಾಪುರದ ಅವ್ವನ ಮನೆಯಲ್ಲಿದ್ದೆವು. ಮಂಜು ಗೂಡ್ಸ್ ಟೆಂಪೋ ಓಡಿಸ್ತಾರೆ. ಡ್ರಮ್ಸ್ ಅಂದ್ರೆ ಹುಚ್ಚು. ಫೋನ್ ನೋಡ್ತಿದ್ದವರು ಎದ್ದು ನಿಂತರು.

"ಲಮ್ಮಿ, ಉಣ್ಸೂರಲ್ಲಿ ಲೈವ್ ಬ್ಯಾಂಡ್ ಐತಂತೆ. ಓಗಮ ಬಾ."

"ಬೆಳಗ್ಗೆ ಮೈಸೂರಲ್ಲಿರಬೇಕು ಕಣ್ರೀ!"

"ಅಲ್ಲೇ ಫ್ರೆಂಡ್ ಮನೇಲಿ ಮಲಗಿ, ಅಂಗೇ ಮೈಸೂರಿಗೆ ಓದ್ರಾಯ್ತು ಬುಡು. ಗ್ರಾಜುಯೇಟ್ ಎಂಡ್ರುನ್ನ ಒಂದು ರಾತ್ರಿ ಸುತ್ತಿಸಬಾರ್ದಾ?"

ಜಗುಲಿ ಮೇಲಿದ್ದ ದೊಡ್ಡಪ್ಪ ತಲೆ ಎತ್ತದೆ ಹೇಳಿದರು: "ಓಗಿ, ಓಗಿ. ವಾಪಸ್ ಬಂದ್ರೆ ಸರಿ."

ಹುಣಸೂರಿನ ಮೈದಾನದಲ್ಲಿ ಸ್ಪೀಕರ್ ಸದ್ದು ಎದೆಗೂಡಿಗೇ ಗುದ್ದುತ್ತಿತ್ತು. ಕೊನೇ ಹಾಡಿಗೆ ಮುಂದಿನ ಸಾಲಲ್ಲಿ ಹೊಡೆದಾಟ ಶುರುವಾಯ್ತು. ಬಾಟಲಿ ಒಡೀತು. ಒಬ್ಬನ ಮುಖವೆಲ್ಲ ರಕ್ತ... ಡ್ರಮ್ಮಿನವನು ನಿಲ್ಲಿಸಲೇ ಇಲ್ಲ. ಡುಂ ಡುಂ ತಕ ಡುಂ. ಗುದ್ದು ಬೀಳ್ತಿದ್ದದ್ದೂ ಅದೇ ತಾಳಕ್ಕೆ.

ಹೊರಗೆ ಬಂದಾಗ ತಟ್ಟನೆ ನೆನಪಾಯ್ತು. ಘಟಿಕೋತ್ಸವದ ಪಾಸು! ಅವಸರದಲ್ಲಿ ಅವ್ವನ ಟ್ರಂಕಿನ ಮೇಲೇ ಬಿಟ್ಟು ಬಂದಿದ್ದೆ. ಅದಿಲ್ಲದೆ ಒಳಗೆ ಬಿಡಲ್ಲ. ಮನೇಲಿ ಇರೋದು ದೊಡ್ಡಪ್ಪನ ಫೋನ್ ಒಂದೇ. ರಿಂಗಾಯ್ತು... ಎತ್ತಲಿಲ್ಲ. ಒಲೆಗೆ ಹೋದ ಅರ್ಜಿ ಕಣ್ಮುಂದೆ ಬಂತು.

"ವಾಪಸ್ ಹೋಗೋಣ್ರೀ. ಈಗಲೇ."

ಬೈಕಲ್ಲಿ ಊರ ಕಡೆಯ ಕೋಟೆ ರಸ್ತೆ ಹಿಡಿದೆವು. ಹೊಗೆಸೊಪ್ಪು ಬೇಯಿಸೋ ಕಾಲ. ದಾರಿಯುದ್ದಕ್ಕೂ ಆ ಸಿಹಿ ಘಾಟು. ಅರ್ಧ ದಾರಿಯಲ್ಲಿ ಚೈನ್ ಕಳಚಿತು. ಪಕ್ಕದಲ್ಲೇ ಒಂದು ಬ್ಯಾರನ್, ಅಂದರೆ ಸೊಪ್ಪು ಬೇಯಿಸೋ ಎತ್ತರದ ಗೂಡು. ಒಲೆಯ ಬಾಯಿ ಕೆಂಪಗೆ ಉರೀತಿತ್ತು. ಸೌದೆ ಹಾಕೋನು ಮಾತ್ರ ಕಾಣಲಿಲ್ಲ.

ಚೈನ್ ಕೂರಿಸಿದ ಖುಷಿಗೆ ಮಂಜು ಸ್ಪ್ಯಾನರ್‌ನಿಂದ ಮಡ್‌ಗಾರ್ಡ್ ಮೇಲೆ ಬಡಿದರು. ಡುಂ ಡುಂ ತಕ ಡುಂ.

ಬ್ಯಾರನ್ ಒಳಗಿಂದ ಉತ್ತರ ಬಂತು... ಡುಂ ಡುಂ ತಕ ಡುಂ.

"ಯಾರ್ಲಾ ಅದು? ನೀನೂ ಬ್ಯಾಂಡ್ ನೋಡಕ್ ಬಂದಿದ್ಯಾ?" ಮಂಜು ನಕ್ಕರು. ಮತ್ತೆ ಬಡಿದರು. ಮತ್ತೆ ಉತ್ತರ.

ಮೂರನೇ ಸಲ ನಾವು ಬಡಿಯಲೇ ಇಲ್ಲ. ಅದೇ ಬಡಿಯಿತು. ಮುಷ್ಟಿಯಲ್ಲಿ... ಬಾಗಿಲ ತಗಡು ನಡುಗೋ ಹಾಗೆ. ಸೊಪ್ಪಿನ ಘಾಟಿನ ನಡುವೆ ಕೂದಲು ಸುಟ್ಟ ವಾಸನೆ.

"ಯಾರೋ ಒಳಗೆ ಸಿಕ್ಕಾಕೊಂಡವ್ರೆ ಕಣಮ್ಮಿ!"

ಹೈಸ್ಕೂಲ್ ರಜೆಯಲ್ಲೆಲ್ಲ ನಾನು ಬ್ಯಾರನ್ ಕೆಲಸ ಮಾಡಿದವಳು. ಬೆಂಕಿ ಹಾಕಿದ ಮೇಲೆ ಶಾಖ ಸೋರದಂತೆ ಬಾಗಿಲ ಸಂದಿಗೆ ಮಣ್ಣು ಮೆತ್ತುತ್ತಾರೆ. ಆ ಉರಿಯಲ್ಲಿ ಮನುಷ್ಯ ಬದುಕಲ್ಲ. ಅದು ಗೊತ್ತಿದ್ದೂ ಓಡಿಹೋಗಿ ಉಗುರಲ್ಲೇ ಆ ಮಣ್ಣು ಕೆರೆದೆ. ಮಣ್ಣು ಸುಡುತ್ತಿತ್ತು. ಮಂಜು ಸೌದೆ ರಾಶಿಯಿಂದ ಒಂದು ಕೊರಡು ಎತ್ತಿ ಬಾಗಿಲಿಗೆ ಹೊಡೆದರು. ಒಂದು... ಎರಡು...

ಮೂರನೇ ಏಟಿಗೆ ಮೊದಲೇ ಬಾಗಿಲು ಒಳಗಿಂದ ಸಿಡಿದು ತೆರೆಯಿತು. ಮಂಜುನ ಹಣೆಗೆ ಬಡಿಯಿತು. ರಕ್ತ ಚಿಮ್ಮಿತು, ಅವರು ಬಿದ್ದರು.

ಒಳಗೆ ಗವ್ವೆನ್ನೋ ಕತ್ತಲು. ಬೆಂಕಿಯಂಥ ಗಾಳಿ. ಆ ಕತ್ತಲಿಂದ ಒಂದು ಕೈ ಬಂದು ನನ್ನ ಬಲ ಮಣಿಕಟ್ಟು ಹಿಡಿಯಿತು.

ಕಾಪಾಡಿ ಅಂತ ಹಿಡಿದದ್ದಲ್ಲ ಅದು. ಒಳಗೆ ಎಳೆಯೋಕೆ ಹಿಡಿದದ್ದು.

ಚರ್ಮ ಚುರ್ ಅಂತು. ಕಾಲು ಜಾರಿತು. ಭುಜ ಚೌಕಟ್ಟಿಗೆ ಅಪ್ಪಳಿಸಿತು. ಮುಖ ಆಗಲೇ ಒಳಗಿತ್ತು, ಹುಬ್ಬು ಕರಕಲಾಗೋ ಸದ್ದು ನನಗೇ ಕೇಳಿಸಿತು. ಆ ಕೈಯನ್ನು ಕಚ್ಚಿದೆ. ಬಾಯಿ ತುಂಬ ಹೊಗೆಸೊಪ್ಪಿನ ಕಹಿ... ಬಿಡಲಿಲ್ಲ.

"ಬುಡ್ಲಾ ಅವಳ್ನ! ಬುಡ್ಲಾ!" ಮಂಜು ಎದ್ದು ಬಂದು ಕೊರಡಿಂದ ಆ ತೋಳಿಗೆ ಹೊಡೆದರು. ಮತ್ತೆ ಹೊಡೆದರು. ಲಟಕ್ ಅಂತ ಮೂಳೆ ಮುರಿಯಿತು. ನನ್ನದೇ ಅಂದುಕೊಂಡೆ.

ನನ್ನದಲ್ಲ. ಹಿಡಿತ ಸಡಿಲವಾಯ್ತು. ನಾನು ಹಿಂದಕ್ಕೆ ಬಿದ್ದೆ.

ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ... ಒಳಗೆ ಸೊಪ್ಪಿಲ್ಲ, ಸೊಪ್ಪು ಕಟ್ಟೋ ಕಡ್ಡಿಯೂ ಇಲ್ಲ. ತುಕ್ಕು ಹಿಡಿದ ಕೊಳವೆ, ಜೇಡರ ಬಲೆ. ಆಗಷ್ಟೇ ಕೆಂಪಗೆ ಉರೀತಿದ್ದ ಒಲೆಯ ಬಾಯಲ್ಲಿ ಹುಲ್ಲು ಬೆಳೆದಿತ್ತು. ನನ್ನ ಉಗುರಿನ ಸಂದಿಯ ಮಣ್ಣು ಮಾತ್ರ ಇನ್ನೂ ಬಿಸಿ.

ಮಂಜು ನನ್ನ ಮಣಿಕಟ್ಟಿಗೆ ಬೆಳಕು ಹಿಡಿದರು. ಬೊಬ್ಬೆ ಎದ್ದಿತ್ತು, ಬೆರಳಿನ ಅಚ್ಚಿನ ಹಾಗೆ.

"ನಾಕೇ ಬೆರಳು ಐತಲ್ಲಮ್ಮಿ..."

"ಮಾತಾಡಬೇಡಿ. ಗಾಡಿ ತೆಗೀರಿ."

ಬೆಳಕು ಹರಿಯೋ ಮೊದಲು ಮನೆ ಸೇರಿದೆವು. ಪಾಸು ಇಟ್ಟಲ್ಲೇ ಇತ್ತು. ದೊಡ್ಡಪ್ಪ ಜಗುಲಿ ಮೇಲೆ ಕಂಬಳಿ ಮುಸುಕೆಳೆದು ಮಲಗಿದ್ದರು. "ನೀವು ಓದಾಗ್ಲಿಂದ ಎದ್ದಿಲ್ಲ ಕಣವ್ವ. ಮೈ ಕೆಂಡದಂಗೆ ಸುಡ್ತಾ ಐತೆ" ಅಂದಳು ಅವ್ವ. ಮಂಜುನ ಹಣೆ ನೋಡಿ ಕಿರುಚಿದಳು. ಬೈಕಿಂದ ಬಿದ್ದೆವು ಅಂದೆವು. ಬ್ಯಾರನ್ ವಿಷಯ ಯಾರಿಗೂ ಹೇಳಲಿಲ್ಲ. ನಾನು ತುಂಬುತೋಳಿನ ರವಿಕೆ ಹಾಕಿಕೊಂಡೆ.

ಆ ಗುರುತು ಇವತ್ತಿಗೂ ಹೋಗಿಲ್ಲ. ಈಗ ಇದನ್ನು ಬರೆಯುವಾಗಲೂ ಅದರ ಮೇಲೆ ಬಟ್ಟೆ ಸುತ್ತಿಕೊಂಡೇ ಕೂತಿದ್ದೀನಿ.

ಮೈಸೂರಲ್ಲಿ ನನ್ನ ಹೆಸರು ಕೂಗಿದರು. ಎರಡೂ ಕೈ ಚಾಚಿ ಸರ್ಟಿಫಿಕೇಟು ತಗೊಂಡೆ. ರವಿಕೆಯ ತೋಳು ಉಜ್ಜಿ ಬೊಬ್ಬೆ ಒಡೀತು, ಆದರೂ ತಲೆ ತಗ್ಗಿಸಲಿಲ್ಲ. ಕೆಳಗೆ ಬಂದು, ಬಸ್ಸಲ್ಲಿ ಬಂದು ಕಾಯ್ತಿದ್ದ ಅವ್ವನ ಕೈಗೆ ಕೊಟ್ಟೆ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ತಗೊಂಡಳು, ಕಣ್ಣಿಗೊತ್ತಿಕೊಂಡು ಪಕ್ಕಕ್ಕೆ ದಾಟಿಸಿದಳು.

ಜ್ವರದಲ್ಲೂ ಹಟ ಮಾಡಿ ಬಂದಿದ್ದ ದೊಡ್ಡಪ್ಪ ಎಡಗೈಯಲ್ಲಿ ಹಿಡಿದುಕೊಂಡರು. ಬಲಗೈಗೆ ಟವೆಲ್ ಸುತ್ತಿ, ಮುರಿದ ಕೈಯನ್ನು ಹಿಡಿದ ಹಾಗೆ ಎದೆಗೆ ಒತ್ತಿಕೊಂಡಿದ್ದರು. ಸರ್ಟಿಫಿಕೇಟು ನೋಡಿದರು. ನನ್ನ ಮುಖ ನೋಡಲಿಲ್ಲ. ನನ್ನ ರವಿಕೆಯ ತೋಳನ್ನೇ ನೋಡುತ್ತಾ, ಮೆಲ್ಲಗೆ ಕೇಳಿದರು:

"ಕೈ ಇನ್ನೂ ಉರೀತಾ ಐತಾ, ಮಗಾ?"