ಬಿಳಿ ಬಿಟ್ಟ ಜಾಗ

ಬೆಳಗಾವಿಯ ವಡಗಾವಿ ಬಡಾವಣೆಯಲ್ಲಿದ್ದ ಜಿನ್ನಪ್ಪ ಸರ್ ಮನೆಗೆ ಹೋದವರಿಗೆ ಮೊದಲು ಕಾಣುತ್ತಿದ್ದುದು ಮೇಜಿನ ಮೇಲಿನ ತಲೆಬುರುಡೆ. ಗಿಳಿಯಂತೆ ಬಾಗಿದ ಮೂತಿ, ಬಾಯೊಳಗೆ ಸೊಪ್ಪು ಅರೆಯುವ ಹಲ್ಲಿನ ಸಾಲುಗಳು. ಎಂದೋ ಅಳಿದುಹೋದ ರಿಂಕೋಸಾರ್ ಎಂಬ ಸಸ್ಯಾಹಾರಿ ಸರೀಸೃಪದ್ದು. ಅಸಲಿ ಎಲುಬಲ್ಲ, ಪ್ಲಾಸ್ಟರಿನ ಅಚ್ಚು. ಜೈನರ ಮನೆಯೊಳಗೆ ಎಲುಬು ತರುವುದೆಂದರೆ ಸುಮ್ಮನೆಯೇ? ಅಚ್ಚೆಂದು ಎಷ್ಟು ಹೇಳಿದರೂ ಅವರ ತಾಯಿ, "ಏನರ ಇರ್ಲಿ, ಕೈ ತೊಳಕೊಂಡ ಊಟಕ್ಕ ಬಾ" ಎನ್ನುತ್ತಿದ್ದರಂತೆ.

ನಾನು ಖಾನಾಪುರದಿಂದ ಬಸ್ಸಿನಲ್ಲಿ ಬೆಳಗಾವಿಯ ಕಾಲೇಜಿಗೆ ಬರುತ್ತಿದ್ದವಳು. ಅಪ್ಪ ತೀರಿಕೊಂಡ ಮೇಲೆ ನನ್ನ ಓದು ಬಿಡಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸರ್ ನಮ್ಮ ಮನೆಗೇ ಬಂದು ಅವ್ವನೆದುರು ಕುಳಿತರು. "ಬಿಡಸಬ್ಯಾಡ್ರಿ ಅಕ್ಕಾರ, ನಾ ಅದೀನಿ" ಎಂದರು. ಅಂದಿನಿಂದ ಮನಸ್ಸಿನಲ್ಲೇ ಅವರನ್ನು ಅಪ್ಪಾ ಎಂದು ಕರೆದೆ. ಅವರಿಗೆ ನಾನು ಏನಾಗಬೇಕು ಎಂಬುದು ಮಾತ್ರ ತಿಳಿಯಲಿಲ್ಲ. ಕೇಳಲು ಧೈರ್ಯವೂ ಸಾಲಲಿಲ್ಲ.

ಅಸಲಿ ಬುರುಡೆಯ ಎಲುಬು ಸಿಕ್ಕ ಭಾಗಕ್ಕೆ ಸರ್ ಅಚ್ಚಿನ ಮೇಲೆ ಕಂದು ಬಣ್ಣ ಬಳಿದಿದ್ದರು, ಸಿಗದ ಕಡೆ ಪ್ಲಾಸ್ಟರಿನ ಬಿಳಿಯನ್ನೇ ಬಿಟ್ಟಿದ್ದರು. "ಹಲ್ಲು ಏನ ತಿಂತಿತ್ತಂತ ಹೇಳ್ತಾವ, ಯಾರ ಪೈಕಿ ಅಂತ ಹೇಳೂದಿಲ್ಲ. ಅದಕ್ಕ ಕಣ್ಣಿನ ಹಿಂದಿನ ಎಲುಬು ನೋಡಬೇಕು" ಎನ್ನುತ್ತಿದ್ದರು. ಆ ಎಲುಬಿನ ಜಾಗವೇ ಬಿಳಿ! ಹಿಂದಿನವರು ಹಲ್ಲು, ಮೂತಿ ನೋಡಿ ಈ ಪ್ರಾಣಿಯನ್ನು ಹಲ್ಲಿಯಂಥವುಗಳ ಬಳಗಕ್ಕೆ ಸೇರಿಸಿದ್ದರಂತೆ. ಆಮೇಲೆ ಬೇರೆ ಕಡೆ ಸಿಕ್ಕ ಪೂರ್ತಿ ಬುರುಡೆಗಳನ್ನು ಪರೀಕ್ಷಿಸಿದವರು ಮೊಸಳೆ, ಹಕ್ಕಿಗಳ ಬಳಗದ ಕಡೆಗೆ ಸರಿಸಿದರಂತೆ.

ಊರಿನ ಕ್ಯಾಂಪ್ ಪ್ರದೇಶದಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಯಾರೋ, "ಪೂರಾ ಕಂದು ಬಳದ್ರ ಚಂದ ಕಾಣ್ತೈತ್ರಿ ಸರ್" ಎಂದರು. ಸರ್ ಬುರುಡೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಎದ್ದೇ ಬಿಟ್ಟರು. "ಗೊತ್ತಿಲ್ಲದ್ದು ಗೊತ್ತಿಲ್ಲಂತನ ಕಾಣಬೇಕ್ರಿ!" ಎಂಥ ಹಟಮಾರಿ ಮನುಷ್ಯ! ವಾಪಸು ಬರುವ ದಾರಿಯುದ್ದಕ್ಕೂ ನಾನು ನಕ್ಕಿದ್ದೆ.

ಕಳೆದ ವರ್ಷ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಮಾತಿನ ನಡುವೆ ಪದ ಸಿಗದೆ ನಿಲ್ಲುತ್ತಿದ್ದರು. ಮನೆಯವರು ತಾವೇ ತುಂಬಿ ಹೇಳಿದರೆ ಸಿಟ್ಟಾಗುತ್ತಿದ್ದರು. ಕಡೆಯ ಸಲ ಹೋದಾಗ ನನ್ನ ಕೈ ಹಿಡಿದು, "ನೀ ಅಂದ್ರ... ನನಗ... ನೀ..." ಎಂದು ತಡವರಿಸಿದರು. ಪಕ್ಕದ ಮನೆಯ ಮಗ್ಗ ಬಡಿದುಕೊಳ್ಳುತ್ತಿತ್ತು. "ಮಗಳೇನ್ರಿ ಸರ್?" ಎಂಬುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವರು ಕೈ ಎತ್ತಿ ತಡೆದರು. ಕಣ್ಣು ತುಂಬಿದವು, ಪದ ಬರಲಿಲ್ಲ. ಅದೇ ವಾರ ಹೋಗಿಬಿಟ್ಟರು.

ಅವರ ಮನೆಯವರು ಕೊಟ್ಟ ಆ ಬುರುಡೆ ಈಗ ನನ್ನ ಮನೆಯಲ್ಲಿದೆ. ಮಗಳು ಎಂದೇ ಹೇಳಲಿದ್ದರು ಎಂದುಕೊಂಡರೆ ಯಾರು ಬೇಡವೆನ್ನುತ್ತಾರೆ? ಎಷ್ಟು ಆಸೆಯಾಗುತ್ತದೆ! ಬಂದವರು ಬುರುಡೆಯ ಕತೆ ಕೇಳಿ, "ಸರ್ ನಿಮಗ ಏನಾಗಬೇಕ್ರಿ?" ಎನ್ನುತ್ತಾರೆ.

ಬಿಳಿ ಜಾಗದ ಧೂಳು ಒರೆಸುತ್ತ, "ಗೊತ್ತಿಲ್ರಿ" ಎನ್ನುತ್ತೇನೆ.