ಟೀ ಗುಳಿಗೆ

ಬಿಡದಿ ಸಮೀಪದ ಔಷಧ ಪರೀಕ್ಷಾಲಯವೊಂದರಲ್ಲಿ ಇಲಿಗಳನ್ನು ನೋಡಿಕೊಳ್ಳುವ ಹುಚ್ಚಯ್ಯನಿಗೆ, ಇಲಿಯ ಬಾಲವನ್ನು ಬೆಚ್ಚಗೆ ಮಾಡಿ, ಪುಟ್ಟ ಪಟ್ಟಿ ತೊಡಿಸಿ ರಕ್ತದೊತ್ತಡ ಅಳೆಯುವುದು ಕೈಗೆ ಹತ್ತಿದ ಕೆಲಸ. ಆ ಸಲ ಬಿ.ಪಿ. ಏರಿದ್ದ ಇಲಿಗಳಿಗೆ ಅದನ್ನು ತಗ್ಗಿಸುವ ಮದ್ದು ಕೊಡುತ್ತಿದ್ದರು. ಕೆಲವಕ್ಕೆ ಜೊತೆಯಲ್ಲೇ ನೋವಿನ ಗುಳಿಗೆಯ ಪುಡಿ. ಪುಡಿ ತಿಂದವುಗಳಲ್ಲಿ ಇಳಿದಿದ್ದ ಒತ್ತಡ ಮತ್ತೆ ಏರತೊಡಗಿತು.

“ಯಾವ ಗುಳಿಗೆ ಮೇಡಂ ಅದು?”

ಸಂಶೋಧಕಿ ಪ್ರತಿಮಾ ಹೆಸರು ಹೇಳಿದರು. “ಅಂಗಡೀಲಿ ಸಿಗೋದೇ. ಇಲಿಗೆ ಆದದ್ದೆಲ್ಲ ಮನುಷ್ಯರಿಗೂ ಆಗುತ್ತೆ ಅಂತಲ್ಲ. ಆದ್ರೂ ಬಿ.ಪಿ. ಇರೋರು ಡಾಕ್ಟರನ್ನ ಕೇಳದೆ ನುಂಗಬಾರದು.”

ಹುಚ್ಚಯ್ಯನ ಹೆಂಡತಿ ಬೈರಮ್ಮ ಕೆಲಸದಲ್ಲಿ ನುಂಗುತ್ತಿದ್ದುದೂ ಅದೇ ಗುಳಿಗೆ. ಅವಳು ರಾಮನಗರದ ಫಿಲೇಚರಿನಲ್ಲಿ, ಅಂದರೆ ನೂಲು ತೆಗೆಯುವ ಕಾರ್ಖಾನೆಯಲ್ಲಿ, ಬಿಸಿನೀರಿನ ಬಾಣಲೆಯೊಳಗಿನ ಗೂಡುಗಳಿಂದ ರೇಷ್ಮೆ ಎಳೆ ಹೆಕ್ಕುವವಳು. ಬೆರಳ ಗಂಟುಗಳು ಊದಿದ್ದವು. ಡಾಕ್ಟರು ಮಾತ್ರೆ ಹೆಚ್ಚಿಸಿದರೂ ಅವಳ ಬಿ.ಪಿ. ಜಗ್ಗಿರಲಿಲ್ಲ.

“ಕೆಲ್ಸದ ತಾವ ನೋವಿನ ಗುಳಿಗೆ ನುಂಗ್ತೀಯಲ್ಲಮ್ಮಿ, ಡಾಕ್ಟ್ರಿಗೆ ಹೇಳಿದ್ಯಾ?” ಎಂದ ಮನೆಗೆ ಬಂದವನೇ.

“ಟೀ ಗುಳಿಗೆನಾ?” ಬೈರಮ್ಮ ನಕ್ಕಳು. ಬೆಳಗಿನ ಟೀ ಜೊತೆ ಕಾರ್ಖಾನೆಯವರೇ ಕೊಡುವುದರಿಂದ ಫಿಲೇಚರಿನ ಹೆಂಗಸರು ಇಟ್ಟ ಹೆಸರದು. “ಬ್ಯಾರೆ ಔಸ್ದಿ ತಗತೀಯಾ ಅಂದ್ರು, ಇಲ್ಲ ಅಂದೆ. ಅದೇನ್ ಔಸ್ದಿನಾ? ಟೀಗೆ ಬನ್ನಿದ್ದಂಗೆ.”

“ಅದೇ ಕಣಮ್ಮಿ ಬಿ.ಪಿ. ಏರುಸ್ತಿರಾದು ಅನ್ನುಸ್ತದೆ. ನಮ್ ಇಲಿಗೋಳ್ಗೂ ಹಂಗೇ ಆಗೈತೆ.”

“ಓಹೋ, ಈಗ ನಾನೂ ನಿನ್ ಇಲಿಯಾ? ಅವು ಬಿಸ್ನೀರ್ಗೆ ಕೈ ಹಾಕಿ ನೂಲು ತಗೀಲಿ, ಆಮ್ಯಾಕೆ ಗುಳಿಗೆ ಬುಡ್ತೀನಿ.”

“ನಿಮ್ಮವ್ವ ಲಕ್ವ ಹೊಡ್ದು ಮನಿಕಂಡಿದ್ದು ಮರ್ತೋಯ್ತಾ?”

ಬೈರಮ್ಮನ ನಗು ನಿಂತಿತು.

ಮರುದಿನ ಡಾಕ್ಟರು ಎಲ್ಲವನ್ನೂ ಕೇಳಿ ಆ ಗುಳಿಗೆಯನ್ನು ನಿಲ್ಲಿಸಿದರು; ಬಿಸಿನೀರಿಗೆ ಕೈ ಹಾಕಬೇಡ ಎಂದರು.

“ನೀರ್ಗೆ ಕೈ ಹಾಕ್ದೆ ನೂಲು ಹೆಂಗ್ ಬತ್ತದೆ ಸಾ?”

ಅವರು ಬೆರಳಿಗೆ ಹಚ್ಚಲು ಮುಲಾಮು ಬರೆದುಕೊಟ್ಟರು.

ಗುಳಿಗೆ ಬಿಟ್ಟ ಬೆರಳುಗಳಿಗೆ ಎಳೆಯ ತುದಿ ಸಿಗದಾಯಿತು. ಸಿಕ್ಕರೂ ಹಿಡಿತ ತಪ್ಪಿ ನೂಲು ಕಡಿಯುತ್ತಿತ್ತು. ಕಡೆಗೆ ಮೇಸ್ತ್ರಿ ಅವಳನ್ನು ಬಾಣಲೆಯಿಂದ ಎಬ್ಬಿಸಿ, ಹೊರಗೆ ಗೂಡು ಆರಿಸುವ ಮುದುಕಿಯರ ಸಾಲಿನಲ್ಲಿ ಕೂರಿಸಿದ.

ಮುಂದಿನ ತಪಾಸಣೆಯಲ್ಲಿ ಬಿ.ಪಿ. ತಗ್ಗಿತ್ತು. “ಇಳೀತು ಕಣಮ್ಮಿ!” ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಹಿಗ್ಗಿದ ಹುಚ್ಚಯ್ಯ.

“ಹೂಂ. ನನ್ನೂ ಇಳುಸ್ಬುಟ್ರು,” ಎಂದಳು ಬೈರಮ್ಮ.

ಬಸ್ಸು ಬಂತು. ಹತ್ತಿಸಲೆಂದು ಅವನು ಕೈ ಹಿಡಿದ. ನೋವಿಗೆ ಅವಳು ಕೈ ಎಳೆದುಕೊಂಡಳು.