ಹೊಸ್ತಿಲ ಹೊರಗಿನ ಪಟ್ಟಾ

ಬಾಗಲಕೋಟೆಯ ನಮ್ಮ ಮನೆಯ ದೊಡ್ಡ ಬಾಗಿಲ ಹೊರಗೆ, ಗೋಡೆಯಲ್ಲಿ ಒಂದು ಮೊಳೆ ಇತ್ತು. ಮೊಳೆಯ ಕೆಳಗೆ ಯಜಮಾನರ ಚಪ್ಪಲಿ, ಅದರ ಪಕ್ಕಕ್ಕೆ ನನ್ನ ಚಪ್ಪಲಿ. ಮೊಳೆಯ ಮೇಲೆ ನಾಯಿಯ ಕೊರಳ ಪಟ್ಟಾ. ಬಂದ ನೆಂಟರು ಚಪ್ಪಲಿ ಬಿಡುತ್ತ ತಲೆಯೆತ್ತಿ ನೋಡಿ, "ಇದೇನ್ರಿ ಇಲ್ಲಿ?" ಎಂದು ಕೇಳುತ್ತಿದ್ದರು. "ನಾಯಿ ಒಳಗದರಿ" ಎಂದು ನಾನು ಹೇಳುತ್ತಿದ್ದೆ. ಅಷ್ಟರಲ್ಲೇ ಅವರಿಗೆ ಅರ್ಥವಾಗಬೇಕಿತ್ತು. ಯಾರಿಗೂ ಆಗುತ್ತಿರಲಿಲ್ಲ.

ಅರ್ಥ ಮಾಡಿಸಬೇಕಾದರೆ ನಮ್ಮ ಅತ್ತೆಯ ವಿಷಯ ಹೇಳಬೇಕು. ನಮ್ಮ ಊರು ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ. ಕೆರೂರಿನಿಂದ ಮದುವೆಯಾಗಿ ಬಂದ ನನಗೆ ಆಗ ಹತ್ತೊಂಬತ್ತು. ಮನೆಯಲ್ಲಿ ಮೂವರೇ: ಶಾಲೆಯ ಮಾಸ್ತರರಾಗಿದ್ದ ಯಜಮಾನರು, ಅವರ ತಾಯಿ, ನಾನು. ಅತ್ತೆಯದು ಬಲು ಬಿಗಿಯಾದ ಮಡಿ. ಬೆಳಗ್ಗೆ ಸ್ನಾನ ಮಾಡಿ ಒದ್ದೆ ಸೀರೆಯಲ್ಲಿ ತುಳಸಿಗೆ ಸುತ್ತು ಹಾಕಲು ನಿಂತರೆಂದರೆ ಮಧ್ಯಾಹ್ನದ ಊಟದ ತನಕ ಅವರನ್ನು ಯಾರೂ ಮುಟ್ಟುವಂತಿರಲಿಲ್ಲ. ತುಳಸಿಕಟ್ಟೆ ಇದ್ದದ್ದು ದೊಡ್ಡ ಬಾಗಿಲ ಒಳಗಿನ ಅಂಗಳದಲ್ಲಿ. ಹೀಗಾಗಿ ಚರ್ಮದ ಸಾಮಾನು ಆ ಬಾಗಿಲು ದಾಟಬಾರದು. ಯಜಮಾನರ ಕೈಗಡಿಯಾರದ ಪಟ್ಟಿ ಚರ್ಮದ್ದು. ಅವರು ಅದನ್ನು ಬಾಗಿಲಲ್ಲೇ ಬಿಚ್ಚಿ ಕಿಸೆಯೊಳಗೆ ಬಚ್ಚಿಟ್ಟುಕೊಂಡು ಒಳಗೆ ಬರುತ್ತಿದ್ದರು. ಊರಿನ ಮಕ್ಕಳನ್ನೆಲ್ಲ ಬೆತ್ತ ಹಿಡಿದು ಹೆದರಿಸುವ ಮನುಷ್ಯ!

ನನ್ನ ಜೊತೆ ಅತ್ತೆ ಎಣಿಸಿದಂತೆ ನಾಲ್ಕು ಮಾತು ಆಡುತ್ತಿದ್ದರು. ನೀರು ಕಾದವಾ, ರೊಟ್ಟಿ ದಪ್ಪ ಆಗ್ಯಾವ, ಉಪ್ಪು ಸಾಲದು, ದೀಪ ಹಚ್ಚು. ಇವರಿಗೆ ನಾನು ಸೇರುವುದಿಲ್ಲ ಎಂದು ಮೊದಲ ತಿಂಗಳಲ್ಲೇ ತೀರ್ಮಾನ ಮಾಡಿಕೊಂಡೆ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ಅವರು ನಾಲ್ಕು ಮಾತಾಡಿದರೆ ನಾನು ಮೂರಾಡುತ್ತಿದ್ದೆ. ಕೆರೂರಿನ ನಮ್ಮ ಮನೆಯಲ್ಲಿ ಇಡೀ ದಿನ ಗದ್ದಲ, ನಗೆ. ಇಲ್ಲಿ ಮಾತಾಡಿಸಲು ಒಂದು ಜೀವವಿಲ್ಲ ಎಂದು ನಾನು ಒಳಗೊಳಗೇ ಅಳುತ್ತಿದ್ದಾಗಲೇ ಆ ನಾಯಿಮರಿ ಬಂದದ್ದು.

ಬಂದದ್ದೇನು, ಮಳೆಗೆ ಹೆದರಿ ಅಂಗಳದ ಕಟ್ಟಿಗೆ ರಾಶಿಯ ಹಿಂದೆ ನುಸುಳಿ ಕೂತಿತ್ತು. ಒಂದು ತುಂಡು ರೊಟ್ಟಿ ಹಾಕಿದೆ. ಮರುದಿನದಿಂದ ನಾನು ಬಾವಿಗೆ ಹೋದರೆ ಬಾವಿಗೆ, ಸಂತೆಗೆ ಹೋದರೆ ಸಂತೆಗೆ ಬರತೊಡಗಿತು. ಹೆಸರಿಡಲು ಅತ್ತೆ ಬಿಡಲಿಲ್ಲ. "ಹೆಸರಿಟ್ರ ಮನಿಯವರಾಗಿಬಿಡ್ತಾರ" ಎಂದರು. ಅವರು ಮಾತ್ರ ದಿನಾ ಬೆಳಗ್ಗೆ ಸ್ನಾನಕ್ಕೆ ಮುಂಚೆ "ಹಚಾ! ಹಚಾ!" ಎಂದು ಅದನ್ನು ತುಳಸಿಕಟ್ಟೆಯಿಂದ ದೂರ ಓಡಿಸಿ, ಹಾಗೇ ನಿನ್ನೆಯ ರೊಟ್ಟಿಯನ್ನು ಬಾಗಿಲ ಹತ್ತಿರ ಎಸೆಯುತ್ತಿದ್ದರು. ನಾಯಿಗೆ ತಿಳಿದದ್ದು ರೊಟ್ಟಿಯೊಂದೇ. ಹಚಾ ಅಂದ ಕೂಡಲೇ ಬಾಲ ಅಲ್ಲಾಡಿಸುತ್ತ ಅವರ ಕಡೆಗೇ ಓಡುತ್ತಿತ್ತು.

ಆ ವರ್ಷ ಊರಲ್ಲಿ ಹುಚ್ಚುನಾಯಿಯ ಹೆದರಿಕೆ ಎದ್ದಿತು. ಡಂಗುರದವನು ಓಣಿ ಓಣಿ ಸಾರಿದ: ಕೊರಳಲ್ಲಿ ಪಟ್ಟಾ ಇಲ್ಲದ ನಾಯಿಗಳನ್ನು ಪುರಸಭೆಯ ಗಾಡಿಯವರು ಹಿಡಿದೊಯ್ಯುತ್ತಾರೆ. ಒಯ್ದವು ತಿರುಗಿ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆ ಸಂಜೆಯೇ ನನ್ನ ಹಳೆಯ ಲಂಗದ ಲಾಡಿ ತೆಗೆದು ನಾಯಿಯ ಕೊರಳಿಗೆ ಗಂಟು ಹಾಕಿದೆ. ರಾತ್ರಿ ಮಳೆಗೆ ಅದು ನೆನೆದು ಬಿಗಿದು, ಬೆಳಗ್ಗೆ ಕತ್ತರಿ ತಂದು ಬಿಡಿಸಬೇಕಾಯಿತು. ಆಮೇಲೆ, ಬಾಗಿಲ ಹೊರಗೇ ಬಿದ್ದಿದ್ದ ಯಜಮಾನರ ಹಳೆಯ ಬೆಲ್ಟು. ಅದನ್ನು ಹಾಕಿ ಹಗ್ಗ ಹಿಡಿದು ಓಣಿಗೆ ಹೊರಟರೆ, ನಾಯಿ ನಾಲ್ಕು ಹೆಜ್ಜೆ ಹಿಂದೆ ಸರಿದು ತಲೆ ಕೊಡವಿತು. ನಾಯಿ ಅಲ್ಲೇ, ನನ್ನ ಕೈಯಲ್ಲಿ ಬರೀ ಬೆಲ್ಟು. ನನಗೆ ರೇಗಿತು. ಮೊಳೆಯಿಂದ ಇನ್ನೊಂದು ತೂತು ಹೊಡೆದು ಬಿಗಿಯಾಗಿ ಕಟ್ಟಿದೆ. ಅದು ಕೆಮ್ಮತೊಡಗಿತು.

ಕೊನೆಗೆ ಯಜಮಾನರು, ನಾನು, ಕೆಮ್ಮುವ ನಾಯಿ, ಮೂವರೂ ಪೇಟೆಯ ಬೇವಿನ ಮರದಡಿ ಚಪ್ಪಲಿ ಹೊಲಿಯುತ್ತಿದ್ದ ಮುದುಕರ ಹತ್ತಿರ ಹೋದೆವು. ಅವರು ಮೊದಲು ಬೆಲ್ಟು ಬಿಚ್ಚಿದರು.

"ಇದು ನಾಯಿ ಕೊರಳೋ, ಜ್ವಾಳದ ಚೀಲದ ಬಾಯೋ? ಹಿಂಗ ಬಿಗೀಬಾರದ್ರಿ, ಅವ್ವಾರ."

ಯಜಮಾನರಿಗೆ ಅಷ್ಟರಲ್ಲಿ ಒಂದು ವಿಚಾರ ಹೊಳೆದಿತ್ತು. "ಮುಳ್ಳಿನ ಪಟ್ಟಾ ಮಾಡ್ತೀರೇನು? ಬಾದಾಮಿ ಗುಡ್ಡದಾಗ ಕುರಿ ಕಾಯೋ ನಾಯಿಗೆ ಹಾಕಿರ್ತಾರಲ್ಲ, ಅಂಥಾದ್ದು."

"ತೋಳ ಕೊರಳಿಗೇ ಬಾಯಿ ಹಾಕ್ತೈತಂತ ಆ ಮುಳ್ಳು ಇರ್ತಾವ್ರಿ" ಎಂದರು ಮುದುಕರು. "ನಿಮ್ಮ ಓಣ್ಯಾಗ ತೋಳ ಎಷ್ಟದಾವ್ರಿ, ಮಾಸ್ತರ?"

ಯಜಮಾನರು ಕೆಮ್ಮಿದರು, ನಾಯಿ ಸುಮ್ಮನಾಗಿತ್ತು. ಮುದುಕರು ದಾರದಿಂದ ಕೊರಳಿನ ಅಳತೆ ತೆಗೆದು, ಮೆತ್ತನೆಯ ಚರ್ಮ ಆರಿಸಿ, ಅಂಚು ಕೊರೆಯದ ಹಾಗೆ ಮಡಿಚಿ ಹೊಲಿದರು. ಬಕಲ್ ಹಚ್ಚಿ ಆರು ತೂತು ಹೊಡೆದರು. ಮೂರನೆಯದಕ್ಕೆ ಹಾಕಿ, ಪಟ್ಟಾದ ಒಳಗೆ ತಮ್ಮ ಎರಡು ಬೆರಳು ತೂರಿಸಿ ತೋರಿಸಿದರು.

"ಎರಡು ಬೆರಳು ಸಲೀಸಾಗಿ ಹೋಗಬೇಕ್ರಿ. ಮೂರು ಹೋದ್ರ ತಲಿ ಜಾರಿ ಬರ್ತೈತಿ. ಒಂದ ಹೋದ್ರ ಉಸಿರು ಕಟ್ಟತೈತಿ. ಮರಿ ಇನ್ನೂ ಬೆಳೀತೈತ್ರಿ, ಪಟ್ಟಾ ಬೆಳಿಯಂಗಿಲ್ಲ. ಅಮಾಸಿಗೊಮ್ಮೆ ಬೆರಳು ಹಾಕಿ ನೋಡ್ರಿ."

ಈ ಪಾಠವನ್ನು ನಾನು ಅಂಗಳದಲ್ಲಿ ನಿಂತು ಗಟ್ಟಿಯಾಗಿ, ಬೆರಳು ಎತ್ತಿ ತೋರಿಸುತ್ತ, ಇನ್ನೊಮ್ಮೆ ಒಪ್ಪಿಸಿದೆ. ಅತ್ತೆ ಬತ್ತಿ ಹೊಸೆಯುತ್ತ ಕೂತಿದ್ದರು. ತಲೆ ಎತ್ತಲಿಲ್ಲ. ಪಾಠ ಮುಗಿದ ಮೇಲೆ ಒಂದೇ ಮಾತು ಕೇಳಿದರು.

"ಚರ್ಮದ್ದಲ್ಲೇನು ಅದು?"

"ಹೌದ್ರಿ, ಅತ್ಯಾರ. ಆದ್ರ ನಾಯಿ ಮೈಯೂ ಚರ್ಮದ್ದೇ ಅಲ್ಲೇನ್ರಿ?"

"ದೇವರು ಹೊಲಿದದ್ದು ಒಳಗ ಬರ್ಲಿ" ಎಂದರು ಅತ್ತೆ. "ಮನುಷ್ಯಾರು ಹೊಲಿದದ್ದು ಹೊರಗ ಇರ್ಲಿ."

ಯಜಮಾನರು ಸುತ್ತಿಗೆ ತಂದು ಬಾಗಿಲ ಹೊರಗೆ ಮೊಳೆ ಹೊಡೆದರು. ಅಂದಿನಿಂದ ನಾಯಿ ಹೊರಗೆ ಹೊರಟರೆ ನಾನು ಪಟ್ಟಾ ಹಾಕಬೇಕು, ಒಳಗೆ ಬಂದರೆ ಬಿಚ್ಚಬೇಕು. ಎಂಟು ದಿನಕ್ಕೆ ನಾಯಿಯೇ ಪಾಠ ಕಲಿತು, ಹೊಸ್ತಿಲ ಮುಂದೆ ನಿಂತು ಕೊರಳು ಎತ್ತಿ ಕೊಡತೊಡಗಿತು. ನನಗೆ ಮಾತ್ರ ಎದೆಯೊಳಗೆ ಒಂದು ಹೆದರಿಕೆ ಉಳಿದೇ ಇತ್ತು. ಬಾಗಿಲು ಯಾರಾದರೂ ತೆರೆದಿಟ್ಟ ಹೊತ್ತಿಗೇ ಗಾಡಿ ಬಂದರೆ?

ಹಾಗೇ ಆಯಿತು. ಬೇವೂರಿನಿಂದ ಬೆಣ್ಣೆ ತರುತ್ತಿದ್ದ ಹೆಣ್ಣುಮಗಳು ಬಾಗಿಲು ಮುಂದೆ ಮಾಡದೆ ಹೋಗಿದ್ದಳು. ಯಜಮಾನರು ಶಾಲೆಗೆ ಹೋಗಿದ್ದರು. ಅತ್ತೆ ಸ್ನಾನ ಮುಗಿಸಿ ಒದ್ದೆ ಸೀರೆಯಲ್ಲಿ ತುಳಸಿಗೆ ಸುತ್ತು ಹಾಕುತ್ತಿದ್ದರು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಓಣಿಯ ನಾಯಿಗಳೆಲ್ಲ ಒಮ್ಮೆಲೇ ಬೊಗಳಿದವು, ನಮ್ಮದು ಅಂಗಳ ದಾಟಿ ಹೊರಗೋಡಿತು. ಹಿಟ್ಟಿನ ಕೈಯಲ್ಲೇ ನಾನೂ ಓಡಿದೆ.

ಓಣಿಯ ಕೊನೆಗೆ ಗಾಡಿ ನಿಂತಿತ್ತು. ಇಬ್ಬರು ಉದ್ದ ಕೋಲಿಗೆ ಹಗ್ಗದ ಉರುಲು ಕಟ್ಟಿಕೊಂಡು ನಮ್ಮ ನಾಯಿಯನ್ನು ಒಂದು ಗೋಡೆಯ ಮೂಲೆಗೆ ಒತ್ತರಿಸುತ್ತಿದ್ದರು. ನಾಯಿಗೆ ಅದೊಂದು ಆಟ. ಕುಣಿಯುತ್ತಿತ್ತು.

"ಅದು ನಮ್ಮದ್ರಿ, ಬಿಡ್ರಿ" ಎಂದೆ.

"ಪಟ್ಟಾ ಎಲ್ಲೈತ್ರಿ, ಅವ್ವಾರ?" ಎಂದ ಒಬ್ಬ. ಒರಟಾಗೇನೂ ಅಲ್ಲ, ಬೇಸರದಿಂದ. "ಎಲ್ಲಾರೂ ನಮ್ಮದ ಅಂತಾರ್ರಿ."

ಆಗ ನನಗೆ ನೆನಪಾಯಿತು. ಪಟ್ಟಾ ಮೊಳೆಯ ಮೇಲಿತ್ತು. ಅದರ ಪಕ್ಕದಲ್ಲೇ ಓಡಿ ಬಂದಿದ್ದೆ. ಎಷ್ಟು ಕರೆದರೂ ನಾಯಿ ಬರಲಿಲ್ಲ. ಉರುಲು ಮೇಲೆದ್ದಿತು. ಮನೆಗೆ ಓಡಿ ಪಟ್ಟಾ ತರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು.

"ಹಚಾ!"

ನಾಯಿ ಇಬ್ಬರ ಕಾಲ ಸಂದಿಯಿಂದ ನುಸುಳಿ ನನ್ನನ್ನು ದಾಟಿ ಓಡಿತು. ತಿರುಗಿ ನೋಡಿದರೆ ಓಣಿಯ ನಡುವೆ ನಮ್ಮ ಅತ್ತೆ. ಒದ್ದೆ ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಕೈಯಲ್ಲಿ ಪಟ್ಟಾ ಇತ್ತು. ಮಣ್ಣಿನಲ್ಲಿ ಹಾಗೇ ಕೂತರು. ನಾಯಿ ಅಭ್ಯಾಸದಂತೆ ಕೊರಳು ಎತ್ತಿತು. ಮೂರನೆಯ ತೂತಿಗೆ ಬಕಲ್ ಹಾಕಿದರು. ಹಾಕಿ ಎರಡು ಬೆರಳು ತೂರಿಸಲು ನೋಡಿದರು. ಹೋದದ್ದು ಒಂದೇ.

ಗಾಡಿಯವರು ಹತ್ತಿರ ಬಂದು ನಿಂತಿದ್ದರು. ಅತ್ತೆಗೆ ಅವಸರವಿರಲಿಲ್ಲ. ಬಕಲ್ ಬಿಚ್ಚಿದರು, ಸಡಿಲ ಮಾಡಿ ನಾಲ್ಕನೆಯ ತೂತಿಗೆ ಹಾಕಿದರು, ಮತ್ತೆ ಬೆರಳು ತೂರಿಸಿದರು. ಎರಡೂ ಸಲೀಸಾಗಿ ಹೋದವು. ಆಮೇಲೆ ಎದ್ದು ನಿಂತರು.

"ನೋಡಿಕೊಳ್ರಿ. ನಮ್ಮನಿ ನಾಯಿ ಇದು."

"ಆತ್ರಿ, ಅವ್ವಾರ" ಎಂದು ಅವರು ಗಾಡಿ ತಿರುಗಿಸಿದರು.

ಅತ್ತೆ ನನ್ನ ಕಡೆ ನೋಡಿದರು. "ಹ್ವಾದ ಅಮಾಸಿಗೆ ನೋಡಿಲ್ಲ ನೀ" ಎಂದರು. ಖರೆ, ನೋಡಿರಲಿಲ್ಲ. ಬೆರಳೆತ್ತಿ ಊರಿಗೆಲ್ಲ ಪಾಠ ಹೇಳಿದವಳು ನಾನೇ ಮರೆತಿದ್ದೆ. ಬತ್ತಿ ಹೊಸೆಯುತ್ತ ತಲೆ ಎತ್ತದೆ ಕೂತಿದ್ದವರು ಒಂದು ಮಾತನ್ನೂ ಮರೆತಿರಲಿಲ್ಲ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಈ ಮನೆಯಲ್ಲಿ ನಾನು ಆಡಿದ ಮಾತನ್ನು ಯಾರೋ ಕೇಳಿಸಿಕೊಳ್ಳುತ್ತಿದ್ದರು. ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಹಿಟ್ಟಿನ ಕೈ ಎಂಬುದು ಆಮೇಲೆ ತಿಳಿಯಿತು.

"ಮಾರಿ ತೊಳ್ಕೋ" ಎಂದರು ಅತ್ತೆ. ಅವರ ತುಟಿಯ ತುದಿಯಲ್ಲಿ ನಗು ಇತ್ತು. ಅದನ್ನು ನಾನು ಮೊದಲ ಸಲ ನೋಡಿದೆ.

ದೊಡ್ಡ ಬಾಗಿಲ ಹತ್ತಿರ ಬಂದಾಗ ನಾಯಿ ಎಂದಿನಂತೆ ನಿಂತು ಕೊರಳೆತ್ತಿತು. ನಾನು ಬಕಲ್‌ಗೆ ಕೈ ಹಾಕಿದೆ.

"ಇರ್ಲಿ ಬಿಡು" ಎಂದು ಅತ್ತೆ ನೇರ ಬಚ್ಚಲಿಗೆ ಹೋದರು. ಎರಡನೆಯ ಸಲ ಸ್ನಾನ ಮಾಡಿದರು, ಎರಡನೆಯ ಸಲ ತುಳಸಿಗೆ ಸುತ್ತು ಹಾಕಿದರು. ಊಟಕ್ಕೆ ಆ ದಿನ ಬಹಳ ಹೊತ್ತಾಯಿತು. ಸಂಜೆ ಶಾಲೆಯಿಂದ ಬಂದ ಯಜಮಾನರು ಪಟ್ಟಾ ಹಾಕಿಕೊಂಡು ಅಂಗಳದಲ್ಲಿ ಮಲಗಿದ್ದ ನಾಯಿಯನ್ನೂ ತಾಯಿಯನ್ನೂ ನೋಡಿ, ಕಿಸೆಯಿಂದ ಗಡಿಯಾರ ತೆಗೆದು ಕೈಗೆ ಕಟ್ಟಿಕೊಳ್ಳಲು ಹೋದರು.

"ಅದು ಹೊರಗ" ಎಂದರು ಅತ್ತೆ.

ಅಂದಿನಿಂದ ಮೊಳೆಯ ಮೇಲೆ ಯಜಮಾನರ ಕೊಡೆ ನೇತಾಡುತ್ತಿತ್ತು. ಅಮಾವಾಸ್ಯೆಯ ದಿನ ನಾನು ಏಳುವ ಮುಂಚೆಯೇ ಅತ್ತೆ ಅಂಗಳಕ್ಕೆ ಬಂದು, ನಾಯಿಯ ಮುಂದೆ ಕೂತು, ಪಟ್ಟಾದೊಳಗೆ ಎರಡು ಬೆರಳು ತೂರಿಸಿ ನೋಡುತ್ತಿದ್ದರು. ನೋಡಿ ಆಮೇಲೆ ಸ್ನಾನಕ್ಕೆ ಹೋಗುತ್ತಿದ್ದರು.